ಭಯೋತ್ಪಾದನೆಯ ನಿಗ್ರಹದಲ್ಲಿ ಜನಸಹಕಾರ

‘ಆರಕ್ಷಕ’ ಎಂಬ ಪದದಲ್ಲಿ ‘ರಕ್ಷ್’ ಎಂಬುದು ಧಾತು; ‘ಆ’ ಎಂಬ ಉಪಸರ್ಗವು ವ್ಯಾಪ್ತಿಯನ್ನು ಸೂಚಿಸುತ್ತದೆ. ಎಲ್ಲ ಕಡೆಗಳಲ್ಲಿಯೂ ಕಾಯುವವನೇ ಆರಕ್ಷಕನು. ಆದರೆ ಎಷ್ಟು ದೊಡ್ಡ ಪಡೆಯಾದರೂ ಪ್ರತಿಯೊಂದು ಓಣಿಯಲ್ಲಿ ಸದಾಕಾಲವೂ ಇರಲಾರದು. ಆ ಕೊರತೆಯನ್ನು ತುಂಬಬಲ್ಲವರು ಅಲ್ಲಿಯೇ ಬಾಳುವ ಜನರು. ಮುಂಬಯಿಯ ಇತಿಹಾಸವು ಈ ಮಾತಿಗೆ ಸಾಕ್ಷಿಯಾಗಿದೆ.

1993ರ ಮಾರ್ಚ್ 12ರಂದು ಆ ನಗರದಲ್ಲಿ ನಡೆದ ಸರಣಿ ಸ್ಫೋಟಗಳಲ್ಲಿ 257 ಜನರು ಅಸುನೀಗಿದರು. ಅದಕ್ಕಾಗಿ ತಂದ ಸ್ಫೋಟಕಗಳು ರಾಯಗಡ ಜಿಲ್ಲೆಯ ಕಡಲತೀರದಲ್ಲಿ ಇಳಿದಿದ್ದವು. 2008ರ ನವೆಂಬರ್ 26ರ ರಾತ್ರಿ ಹತ್ತು ಜನ ಭಯೋತ್ಪಾದಕರು ಕಡಲ ದಾರಿಯಿಂದಲೇ ಬಂದು, ರಬ್ಬರ್ ದೋಣಿಯಲ್ಲಿ ಬೆಸ್ತರ ಕೇರಿಯೊಂದರ ಬಳಿ ಇಳಿದರು. ಕೇರಿಯ ಕೆಲವರು ಅವರನ್ನು ಕಂಡು ಪ್ರಶ್ನಿಸಿದ್ದೂ ಉಂಟು. ಆದರೆ ಕಂಡದ್ದನ್ನು ತತ್‌ಕ್ಷಣವೇ ಕಾರ್ಯಕ್ಕೆ ತಿರುಗಿಸುವ ಏರ್ಪಾಡು ಇರಲಿಲ್ಲ. ಆ ದಾಳಿಯಲ್ಲಿ 166 ಜನರು ಪ್ರಾಣ ತೆತ್ತರು.

ಅನಂತರ ಕರಾವಳಿಯಲ್ಲಿ ಪೊಲೀಸ್ ಠಾಣೆಗಳು ಹೆಚ್ಚಿದವು. ಮೀನುಗಾರರಿಗೆ ಗುರುತಿನ ಚೀಟಿಗಳು ದೊರೆತವು. ಸುದ್ದಿ ಮುಟ್ಟಿಸಲು ಕರಾವಳಿ ಪೊಲೀಸರ 1093, ತಟರಕ್ಷಣಾ ಪಡೆಯ 1554 ಎಂಬ ದೂರವಾಣಿ ಸಂಖ್ಯೆಗಳು ಬಳಕೆಗೆ ಬಂದವು. ಇವೆಲ್ಲವೂ ಅವಶ್ಯಕವೇ. ಆದರೂ ಸಂಖ್ಯೆಯೊಂದನ್ನು ಕೊಟ್ಟ ಮಾತ್ರಕ್ಕೆ ವಿಶ್ವಾಸ ಹುಟ್ಟದು.

ವಿಶ್ವಾಸವು ಹುಟ್ಟುವ ಬಗೆಯನ್ನು ಮುಂಬಯಿಗೆ ಸಮೀಪದ ಭಿವಂಡಿಯಲ್ಲಿ ಕಾಣಬಹುದು. 1970 ಮತ್ತು 1984ರಲ್ಲಿ ಕೋಮುಗಲಭೆಗಳಿಂದ ಬೆಂದ ಆ ಮಗ್ಗದ ಊರಿನಲ್ಲಿ, 1988ರಿಂದ ಪೊಲೀಸ್ ಅಧಿಕಾರಿ ಸುರೇಶ ಖೋಪಡೆಯವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಉಭಯ ಮತದವರೂ ಪೊಲೀಸರೊಡನೆ ಕುಳಿತು ನೆರೆಹೊರೆಯ ಸಣ್ಣಪುಟ್ಟ ತಂಟೆಗಳನ್ನೂ ಬಗೆಹರಿಸಿಕೊಳ್ಳತೊಡಗಿದರು. 1992-93ರಲ್ಲಿ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಗಲಭೆ ಬೇರೆ, ಭಯೋತ್ಪಾದನೆ ಬೇರೆ. ಆದರೆ ಶಾಂತಿಯ ದಿನಗಳಲ್ಲಿ ಗಳಿಸಿದ ವಿಶ್ವಾಸವೇ ಆಪತ್ಕಾಲದ ಬಂಡವಾಳವೆಂಬ ತತ್ತ್ವ ಎರಡಕ್ಕೂ ಒಂದೇ.

ಇಲ್ಲಿ ಎಚ್ಚರಿಕೆಯ ಮಾತೊಂದುಂಟು. ಜಾಗರೂಕತೆ ಬೇರೆ, ಗುಮಾನಿ ಬೇರೆ. ವಾರಸುದಾರರಿಲ್ಲದ ಚೀಲ, ಹೊತ್ತಲ್ಲದ ಹೊತ್ತಿನಲ್ಲಿ ದಡ ಸೇರುವ ಅಪರಿಚಿತ ದೋಣಿ ಇವು ತಿಳಿಸತಕ್ಕ ಸಂಗತಿಗಳು. ಒಬ್ಬನ ಉಡುಪು, ಭಾಷೆ, ಮತಗಳು ಅಂಥವಲ್ಲ. ಅವನ್ನೇ ಕುರುಹಾಗಿ ಹಿಡಿದರೆ ಒಂದು ಕೇರಿಯೇ ಬಾಯಿ ಮುಚ್ಚಿಕೊಳ್ಳುತ್ತದೆ; ಅಲ್ಲಿಂದ ಬರಬಹುದಾಗಿದ್ದ ಸುದ್ದಿಯೂ ನಿಲ್ಲುತ್ತದೆ. ಶೋಧಿಸುವುದೂ ಬಂಧಿಸುವುದೂ ಪೊಲೀಸರ ಕೆಲಸ. ಕಂಡದ್ದನ್ನು ಕಂಡಂತೆ ಬೇಗ ತಿಳಿಸುವುದು ನಾಗರಿಕನ ಧರ್ಮ. ತಿಳಿಸಿದವನ ಹೆಸರನ್ನು ಕಾಪಾಡಿ, ಅವನ ಮಾತಿಗೆ ಬೆಲೆ ಕೊಡುವುದು ಠಾಣೆಯ ಧರ್ಮ. ಇವೆರಡೂ ಕೂಡಿದಲ್ಲಿ ಆರಕ್ಷಕ ಶಬ್ದವು ಅನ್ವರ್ಥವಾಗುತ್ತದೆ.