ವಿಜಯನಗರೋತ್ತರ ಕಾಲದ ನೆರೆರಾಜ್ಯಗಳು: ಒಂದು ಸಮೀಕ್ಷೆ

ಒಂದು ಮಹಾಸಾಮ್ರಾಜ್ಯವು ಕುಸಿದಾಗ ಅದರ ಅಧೀನದಲ್ಲಿದ್ದ ನಾಡುಗಳಿಗೆ ಸ್ವಾತಂತ್ರ್ಯವು ಒದಗುತ್ತದೆ. ಆದರೆ ನೆರೆಯವರೊಡನೆ ಬಾಳುವ ವಿವೇಕವು ಅದರೊಡನೆ ತಾನಾಗಿ ಒದಗುವುದಿಲ್ಲ. ಈ ಮಾತಿಗೆ ಕನ್ನಡನಾಡಿನ ಇತಿಹಾಸದಲ್ಲಿಯೇ ಸ್ಪಷ್ಟವಾದ ನಿದರ್ಶನವುಂಟು. 1565ರ ರಕ್ಕಸತಂಗಡಿ ಯುದ್ಧದ ತರುವಾಯ ತಲೆಯೆತ್ತಿದ ಚಿತ್ರದುರ್ಗ, ಕೆಳದಿ, ಮೈಸೂರು ಮೊದಲಾದ ರಾಜ್ಯಗಳ ಚರಿತ್ರೆಯೇ ಅದು. ವೇದಾವತಿಯ ಬಯಲಿನ ಬಬ್ಬೂರು, ಹಿರಿಯೂರು ಸೀಮೆಯು ಇಂತಹ ರಾಜ್ಯಗಳ ನಡುವೆ ಸಿಕ್ಕಿದ ಭೂಮಿ. ಒಂದು ಕಡೆ ದುರ್ಗದ ನಾಯಕರು, ಇನ್ನೊಂದು ಕಡೆ ಶಿರಾದ ಸುಬೇದಾರರು. ಆದುದರಿಂದ ಈ ಸೀಮೆಯವರಿಗೆ ಈ ವಿಷಯವು ದೂರದ್ದಲ್ಲ.

ರಾಜಕೀಯ ಸ್ಥಿತಿ

ವಿಜಯನಗರದ ಅರಸರು ಸೈನ್ಯವನ್ನು ಸಾಕುವ ಕರಾರಿನ ಮೇಲೆ ನಾಯಕರಿಗೆ ಭೂಭಾಗಗಳನ್ನು ಕೊಡುತ್ತಿದ್ದರು. ಇದಕ್ಕೆ ಅಮರನಾಯಕ ಪದ್ಧತಿಯೆಂದು ಹೆಸರು. ರಾಜಧಾನಿಯು ಹಾಳಾಗಿ, ಅರಸರು ಪೆನುಗೊಂಡೆಗೆ ಸರಿದ ಮೇಲೆ ಈ ನಾಯಕರಿಗೆ ಕಪ್ಪವನ್ನು ಕೇಳುವ ಕೈ ದುರ್ಬಲವಾಯಿತು. ಚಿತ್ರದುರ್ಗದಲ್ಲಿ ತಿಮ್ಮಣ್ಣನಾಯಕನ ವಂಶವು ಸ್ವತಂತ್ರವಾಯಿತು. ಮಲೆನಾಡಿನಲ್ಲಿ ಕೆಳದಿಯ ಹಿರಿಯ ವೆಂಕಟಪ್ಪನಾಯಕನು ಸ್ವತಂತ್ರನಾಗಿ ಆಳಿದನು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಮೈಸೂರಿಗೆ ಭದ್ರವಾದ ಬುನಾದಿಯನ್ನು ಹಾಕಿದರು.

ಈ ರಾಜ್ಯಗಳಿಗೆ ಹೊರಗಿನ ಒತ್ತಡವೂ ಕಡಮೆಯಿರಲಿಲ್ಲ. ಬಿಜಾಪುರದ ರಣದುಲ್ಲಾಖಾನನೂ ಶಹಾಜಿಯೂ 1638ರ ಸುಮಾರಿಗೆ ದಕ್ಷಿಣಕ್ಕೆ ದಂಡೆತ್ತಿ ಬಂದರು. 1687ರ ವೇಳೆಗೆ ಮೊಗಲರು ಶಿರಾವನ್ನು ಸುಬಾದ ಕೇಂದ್ರವನ್ನಾಗಿ ಮಾಡಿದರು. ಅದೇ ವರ್ಷ ಚಿಕ್ಕದೇವರಾಜ ಒಡೆಯರು ಮೊಗಲ್ ಸೇನಾನಿ ಕಾಸಿಂಖಾನನಿಂದ ಬೆಂಗಳೂರನ್ನು ಮೂರು ಲಕ್ಷ ರೂಪಾಯಿಗೆ ಕೊಂಡರು. ಕತ್ತಿಯಿಂದ ಮಾತ್ರವಲ್ಲದೆ ಹಣದಿಂದಲೂ ರಾಜ್ಯವು ಬೆಳೆಯುತ್ತಿದ್ದ ಕಾಲವದು.

ಆರ್ಥಿಕ ವ್ಯವಸ್ಥೆ

ರಾಜ್ಯದ ಬಲವು ಕಣಜದ ಮೇಲೆ ನಿಂತಿತ್ತು. ಈ ದೃಷ್ಟಿಯಿಂದ ಕೆಳದಿಯು ಭಾಗ್ಯವಂತ ರಾಜ್ಯ. ಭತ್ತ, ಅಡಕೆ, ಮೆಣಸುಗಳು ಮಲೆನಾಡಿನಲ್ಲಿ ಬೆಳೆದು ಘಟ್ಟವಿಳಿದು ಹೊನ್ನಾವರ, ಬಸರೂರು, ಮಂಗಳೂರು ಬಂದರುಗಳನ್ನು ಸೇರುತ್ತಿದ್ದವು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಕರಾವಳಿಯ ಪೋರ್ಚುಗೀಸರ ಕೋಟೆಗಳನ್ನು ಗೆದ್ದುದು ಈ ವ್ಯಾಪಾರದ ರಕ್ಷಣೆಗಾಗಿಯೇ. ಅವನ ಕೀರ್ತಿಯನ್ನು ಸ್ಥಿರಗೊಳಿಸಿದುದು ‘ಶಿಸ್ತು’ ಎಂಬ ಕಂದಾಯದ ವ್ಯವಸ್ಥೆ. ಮಣ್ಣಿನ ಗುಣವನ್ನೂ ನೀರಿನ ಅನುಕೂಲವನ್ನೂ ನೋಡಿ ಭೂಮಿಯನ್ನು ಐದು ತರಗತಿಗಳಾಗಿ ವಿಂಗಡಿಸಿ, ಉತ್ಪನ್ನದ ಮೂರನೆಯ ಒಂದು ಭಾಗವನ್ನು ಅರಮನೆಯ ಪಾಲೆಂದು ಗೊತ್ತುಮಾಡಲಾಯಿತು. ತಾನು ಕೊಡಬೇಕಾದುದೆಷ್ಟೆಂಬುದು ರೈತನಿಗೆ ಮೊದಲೇ ತಿಳಿದಿದ್ದರೆ ಅಧಿಕಾರಿಯ ಇಚ್ಛೆಗೆ ಎಡೆಯಿಲ್ಲ. ಶಿಸ್ತಿನ ಮಹತ್ವವಿರುವುದು ಇಲ್ಲಿ.

ಚಿತ್ರದುರ್ಗಕ್ಕೆ ಬಂದರೂ ಇಲ್ಲ, ಧಾರಾಳವಾದ ಮಳೆಯೂ ಇಲ್ಲ. ರಾಗಿ, ಜೋಳ, ನವಣೆ, ಹತ್ತಿ, ಕುರಿಮಂದೆ, ಕಂಬಳಿ, ಇವೇ ಇಲ್ಲಿಯ ಸಂಪತ್ತು. ಆದಕಾರಣ ಇಲ್ಲಿಯ ಅರಸರಿಗೆ ಕೋಟೆಯಷ್ಟೇ ಕೆರೆಯೂ ಮುಖ್ಯವಾಯಿತು. 1689ರಿಂದ 1721ರವರೆಗೆ ಆಳಿದ ಭರಮಣ್ಣನಾಯಕನ ಹೆಸರನ್ನು ಭರಮಸಾಗರದ ಕೆರೆಯು ಇಂದಿಗೂ ಹೊತ್ತಿದೆ. ಏಳು ಸುತ್ತಿನ ಕೋಟೆಯೊಳಗೆ ಬಂಡೆಗಳ ನಡುವೆ ಬೀಳುವ ಮಳೆನೀರು ಹರಿದುಹೋಗದಂತೆ ಹೊಂಡಗಳಲ್ಲಿ ತಡೆದ ಕುಶಲತೆಯು ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತದೆ.

ಸಮಾಜ

ಹೊಸ ರಾಜ್ಯಗಳು ಹಲವು ಸಮುದಾಯಗಳಿಗೆ ಹೊಸ ಸ್ಥಾನವನ್ನು ಕಲ್ಪಿಸಿದವು. ಬೇಡರ ಪಡೆಯು ದುರ್ಗದ ಬೆನ್ನೆಲುಬಾಯಿತು. ವೀರಶೈವ ವರ್ತಕರು ಸಂತೆ ಪೇಟೆಗಳನ್ನು ಬೆಳೆಸಿದರು. ಬೇಡ ಕುಲದ ಅರಸರು ಮುರುಘಾಮಠದ ಗುರುಗಳಿಗೆ ನಡೆದುಕೊಂಡರು. ವೀರಶೈವರಾದ ಕೆಳದಿಯ ಅರಸರು ಶೃಂಗೇರಿಯ ಮಠಕ್ಕೂ ಆಶ್ರಯವಿತ್ತರು. 1671ರಿಂದ 1697ರವರೆಗೆ ಆಳಿದ ಕೆಳದಿಯ ಚೆನ್ನಮ್ಮಾಜಿಯು ಮೊಗಲರ ಕೋಪವನ್ನು ಲೆಕ್ಕಿಸದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು. ಅವಳ ದತ್ತುಪುತ್ರ ಬಸಪ್ಪನಾಯಕನು ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದನು. ಚಿಕ್ಕ ರಾಜ್ಯವಾದ ಮಾತ್ರಕ್ಕೆ ಮನಸ್ಸೂ ಚಿಕ್ಕದಾಗಿರಬೇಕಾಗಿಲ್ಲ.

ಪತನದ ಕಾರಣ

ಇಷ್ಟೆಲ್ಲ ಇದ್ದೂ ಈ ರಾಜ್ಯಗಳು ಏಕೆ ಉಳಿಯಲಿಲ್ಲ? ಕೋಟೆಗಳು ದುರ್ಬಲವಾಗಿದ್ದುದರಿಂದಲ್ಲ, ನೆರೆಯವನೇ ಮೊದಲ ಶತ್ರುವಾದುದರಿಂದ. 1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ಬಿದನೂರು, ಹರಪನಹಳ್ಳಿ, ರಾಯದುರ್ಗ ಮೊದಲಾದ ಪಕ್ಕದ ರಾಜ್ಯಗಳ ಸೇನೆಗಳು ಒಟ್ಟುಗೂಡಿ ದುರ್ಗದ ಮೇಲೆ ಬಿದ್ದವು. ಹಿರಿಯ ಮದಕರಿನಾಯಕನು ರಣದಲ್ಲಿ ಮಡಿದನು. ಆ ವೈರವು ಆರಲಿಲ್ಲ. ಕೆಳದಿ ಅರಸರ ಅಂದಿನ ರಾಜಧಾನಿಯಾದ ಬಿದನೂರಿನ ಸಿಂಹಾಸನಕ್ಕೆ ತಾನೇ ಹಕ್ಕುದಾರನೆಂದು ಹೇಳಿಕೊಂಡವನೊಬ್ಬನನ್ನು ದುರ್ಗದವರು ಹೈದರಾಲಿಯ ಮುಂದೆ ತಂದು ನಿಲ್ಲಿಸಿದರು. ಹೈದರನು 1763ರಲ್ಲಿ ಬಿದನೂರನ್ನು ಹಿಡಿದನು. ಆದರೆ ಆ ಹಕ್ಕುದಾರನಿಗೆ ಪಟ್ಟವು ದೊರೆಯಲಿಲ್ಲ. ಅಲ್ಲಿಯ ಸಂಪತ್ತು ಹೈದರನ ಬಲವನ್ನು ಇಮ್ಮಡಿಸಿತು. ಹದಿನಾರು ವರ್ಷಗಳ ಬಳಿಕ, 1779ರಲ್ಲಿ, ಅದೇ ಹೈದರನಿಗೆ ಚಿತ್ರದುರ್ಗವೂ ವಶವಾಯಿತು. ಕೊನೆಯ ಮದಕರಿನಾಯಕನು ಸೆರೆಯಾದನು. ಬೇಡರ ಸಾವಿರಾರು ಕುಟುಂಬಗಳು ಶ್ರೀರಂಗಪಟ್ಟಣದ ಕಡೆಗೆ ಸಾಗಿಸಲ್ಪಟ್ಟವು. ನೆರೆಮನೆಗೆ ಇಟ್ಟ ಬೆಂಕಿಯು ತನ್ನ ಮನೆಯ ಮಾಡನ್ನು ಬಿಡದೆಂಬುದಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ.

ಉಪಸಂಹಾರ

ವೇದಾವತಿಯೇ ಈ ಪಾಠವನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ಈ ನದಿಯು ಪಾಳೆಯಗಾರರ ಕಾಲದಲ್ಲಿ ಹಲವು ಒಡೆತನಗಳ ನೆಲವನ್ನು ಹಾದು ಹಿರಿಯೂರಿಗೆ ಬರುತ್ತಿತ್ತು. ಇಡೀ ಸೀಮೆಯು ಒಂದೇ ಆಡಳಿತಕ್ಕೆ ಸೇರಿದ ಮೇಲೆ, 1907ರಲ್ಲಿ, ಮೈಸೂರು ಸಂಸ್ಥಾನವು ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರದ ಕಟ್ಟೆಯನ್ನು ಪೂರ್ಣಗೊಳಿಸಿತು. ಒಣನೆಲದ ನಡುವೆ ತೋಟಗಳೆದ್ದವು. ಬಬ್ಬೂರು ಕೃಷಿ ಸಂಶೋಧನೆಯ ಕೇಂದ್ರವಾಗಿ ಹೆಸರಾಯಿತು. ದುರ್ಗದ ಅರಸರು ಶೌರ್ಯದಲ್ಲಿ ಯಾರಿಗೂ ಕಡಮೆಯಿರಲಿಲ್ಲ. ಆದರೆ ಹಲವರ ನೆಲದಲ್ಲಿ ಹರಿದುಬರುವ ನೀರನ್ನು ನಿಲ್ಲಿಸಲು ಶೌರ್ಯವೊಂದೇ ಸಾಲದು, ಹಲವರ ಸಮ್ಮತಿ ಬೇಕು. ಸ್ವಾತಂತ್ರ್ಯವನ್ನು ಗಳಿಸುವುದು ವೀರರ ಕಾರ್ಯ. ಅದನ್ನು ನೆರೆಯವರೊಡನೆ ಹಂಚಿಕೊಂಡು ಉಳಿಸುವುದು ವಿವೇಕಿಗಳ ಕಾರ್ಯ. ಕೋಟೆಯನ್ನು ತೋರಿಸಿ ವಿದ್ಯಾರ್ಥಿಗಳಿಗೆ ಮೊದಲನೆಯದನ್ನು ಕಲಿಸುವ ಉಪಾಧ್ಯಾಯರು ಮಾರಿಕಣಿವೆಯನ್ನು ತೋರಿಸಿ ಎರಡನೆಯದನ್ನೂ ಕಲಿಸಿದರೆ ಇತಿಹಾಸದ ಅಧ್ಯಯನವು ಸಾರ್ಥಕವಾಗುತ್ತದೆ.