ಕಂದು ಹಾಕಿದ ಹಸುವಿನ ರಕ್ತ ಪರೀಕ್ಷೆ: ಕಾಯ್ದೆ ಏನು ಹೇಳುತ್ತದೆ?

ಹಾಲು ಉತ್ಪಾದಕ ಅಕ್ಕತಂಗಿಯರೇ,

ರಕ್ತ ತೆಗೆಯಲು ಬಂದಾಗ "ಆ ಹಸು ಮಾರಿಬಿಟ್ವಿ ಡಾಕ್ಟ್ರೇ" ಎನ್ನುತ್ತೀರಿ. ಅಷ್ಟರಲ್ಲಿ ಹಿತ್ತಿಲಿನಿಂದ ಅದೇ ಹಸು ಅಂಬಾ ಎನ್ನುತ್ತದೆ! ರೋಗ ಇದೆಯೆಂದಾದರೆ ಹಸುವನ್ನೇ ಒಯ್ದುಬಿಡುತ್ತಾರೆಂಬ ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಬಚ್ಚಿಟ್ಟರೆ ಮೊದಲು ಕಷ್ಟಕ್ಕೆ ಸಿಗುವವರು ನೀವೇ.

ಐದು ತಿಂಗಳು ದಾಟಿದ ಗಬ್ಬದ ಹಸು ಕಂದು ಹಾಕಿದರೆ, ಸತ್ತೆ ಬೀಳದೆ ನಿಂತರೆ ಕಂದು ರೋಗದ (ಬ್ರುಸೆಲ್ಲೋಸಿಸ್) ಅನುಮಾನ ಪಡಬೇಕು. ಕಂದು ಹಾಕಲು ಬೇರೆ ಕಾರಣಗಳೂ ಇವೆ. ಕಣ್ಣಿನಿಂದ ನೋಡಿ ಹೇಳಲಾಗದು, ಪರೀಕ್ಷೆಯೇ ಆಗಬೇಕು.

ಕಾಯ್ದೆಯಲ್ಲಿ ಏನಿದೆ?

ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆ 2009ರಲ್ಲಿ ಕೇಂದ್ರ ಕಾಯ್ದೆ ಬಂದಿದೆ. ಅದರ ಪಟ್ಟಿಯಲ್ಲಿ ಈ ರೋಗವೂ ಇದೆ.

1. ಅನುಮಾನ ಬಂದರೆ ಮಾಲೀಕರು ಗ್ರಾಮ ಪಂಚಾಯಿತಿಗೆ ತಿಳಿಸಲೇಬೇಕು. ಪಶು ಆಸ್ಪತ್ರೆಗೂ ಹೇಳಿ.
2. ಹಸುವನ್ನು ಬೇರೆ ಕಟ್ಟಬೇಕು. ಎಲ್ಲರ ದನ ಮೇಯುವ, ನೀರು ಕುಡಿಯುವ ಕಡೆಗೆ ಬಿಡುವಂತಿಲ್ಲ.
3. ಅನುಮಾನವಿರುವ ಹಸುವಿನ ರಕ್ತ ಮತ್ತಿತರ ಮಾದರಿ ತೆಗೆಯುವ ಅಧಿಕಾರ ಪಶುವೈದ್ಯರಿಗಿದೆ.
4. ರೋಗ ಹರಡದಂತೆ ದಯಾಮರಣ ಕೊಡಿಸುವ ಅಧಿಕಾರವೂ ಇದೆ, ಮುಚ್ಚಿಡುವುದಿಲ್ಲ. ಆದರೆ ಅದಕ್ಕೆ ಪಶುವೈದ್ಯರ ಲಿಖಿತ ಆದೇಶ ಬೇಕು. ಬರೀ ಬಾಯಿಮಾತಿನ ಮೇಲೆ ಯಾರಾದರೂ ಬಂದರೆ ಆದೇಶ ತೋರಿಸಿ ಎಂದು ಕೇಳಿ.

ಇಷ್ಟು ಬಿಗಿ ಏಕೆ?

ಸತ್ತೆ ಎಳೆಯುವವರು, ಕೊಟ್ಟಿಗೆ ತೊಳೆಯುವವರು ನೀವು, ಅದೂ ಬರಿಗೈಯಲ್ಲಿ. ಗಾಯ, ಕಣ್ಣು, ಮೂಗಿನ ಮೂಲಕ, ಹಸಿ ಹಾಲಿನ ಮೂಲಕ ಈ ರೋಗಾಣು ಮನುಷ್ಯರಿಗೂ ಬರುತ್ತದೆ. ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲು ಮತ್ತು ಸೊಂಟ ನೋವು ಕಾಡುತ್ತವೆ. ಅಂಥ ಜ್ವರ ಬಂದರೆ ಹಸು ಕಂದು ಹಾಕಿದ್ದನ್ನೂ ವೈದ್ಯರಿಗೆ ಹೇಳಿ, ಇಲ್ಲದಿದ್ದರೆ ಅವರಿಗೆ ಸುಳಿವೇ ಸಿಗದು. ಗುಟ್ಟಾಗಿ ಹಸು ಮಾರಿದರೆ ರೋಗ ಇನ್ನೊಬ್ಬ ಅಕ್ಕನ ಕೊಟ್ಟಿಗೆ ಸೇರುತ್ತದೆ.

ಇಷ್ಟು ಮಾಡಿ

• ಸತ್ತೆ, ಕಂದನ್ನು ಕೈಗವಸು ಹಾಕಿಕೊಂಡೇ ಮುಟ್ಟಿ. ಗರ್ಭಿಣಿಯರು ದೂರವಿರಲಿ.
• ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ನಾಯಿಗಳಿಗೆ ಸಿಗಬಾರದು.
• ಹಾಲನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ.
• 4ರಿಂದ 8 ತಿಂಗಳ ಹೆಣ್ಣುಕರುವಿಗೆ ಲಸಿಕೆ ಹಾಕಿಸಿ. ಜೀವಮಾನದಲ್ಲಿ ಒಂದೇ ಸಲ ಸಾಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಇದು ಉಚಿತ. ಗಂಡುಕರು, ಗಬ್ಬದ ಹಸುಗಳಿಗೆ ಬೇಡ.

ಮುಂದಿನ ಸಲ ನಾವು ಬಂದಾಗ ಹಿತ್ತಿಲಲ್ಲಿ ಕಟ್ಟಿರುವ ಹಸುವನ್ನೇ ಮೊದಲು ಹಿಡಿದುಕೊಂಡು ಬನ್ನಿ.