ನೀಲಗಿರಿಯ ಬೆಟ್ಟದ ಲಿಲಿ ಮತ್ತು ಅದರ ಬೇಸಾಯಕ್ರಮ

ಲಿಲಿಯೆಂದರೆ ಪರದೇಶದ ಹೂವೆಂದೇ ಅನೇಕರ ಭಾವನೆ. ಆದರೆ ದಕ್ಷಿಣದ ನೀಲಗಿರಿ, ಪಳನಿ ಬೆಟ್ಟಗಳ ಹುಲ್ಲುಗಾವಲುಗಳಲ್ಲಿ ತಾನಾಗಿ ಬೆಳೆಯುವ ನಿಜವಾದ ಲಿಲಿಯೊಂದುಂಟು. ಸಸ್ಯಶಾಸ್ತ್ರಜ್ಞನಾದ ರಾಬರ್ಟ್ ವೈಟನು 1853ರಲ್ಲಿ ಇದನ್ನು ವರ್ಣಿಸಿ, ಆ ಬೆಟ್ಟದ ಹೆಸರನ್ನೇ ಇದಕ್ಕೆ ಇಟ್ಟನು. ಮಳೆಗಾಲದ ಕೊನೆಯಲ್ಲಿ ಇದರ ದಂಟಿನ ತುದಿಯಲ್ಲಿ ಕಹಳೆಯಾಕಾರದ, ಗೇಣುದ್ದದ, ಸುವಾಸನೆಯುಳ್ಳ ಬಿಳಿಯ ಹೂಗಳು ಒಂದೆರಡು ಮಾತ್ರ ಅರಳುವುವು.

ಬಯಲುಸೀಮೆಯವರು ಇದಕ್ಕಾಗಿ ಹಣ ವೆಚ್ಚಮಾಡುವುದು ಸಮಂಜಸವಲ್ಲ; ಸೆಖೆಗೆ ಗಡ್ಡೆ ಕೊಳೆತುಹೋಗುವುದು. ಕೊಡಗು, ಬಾಬಾಬುಡನ್ ಗಿರಿ ಮುಂತಾದ ಕಡೆ ಎತ್ತರದಲ್ಲಿ ತೋಟವುಳ್ಳ ಜಮೀನುದಾರರು ಪ್ರಯತ್ನಿಸಿ ನೋಡಬಹುದು.

ಈರುಳ್ಳಿಗಿರುವಂತೆ ಈ ಗಡ್ಡೆಗೆ ಒಣಪೊರೆಯ ಹೊದಿಕೆಯಿಲ್ಲ. ಬರಿಯ ಎಸಳುಗಳು ಒಂದರ ಮೇಲೊಂದು ಕೂಡಿಕೊಂಡಿರುವುವು. ಆದುದರಿಂದ ಗಡ್ಡೆಯನ್ನು ಅಟ್ಟದ ಮೇಲೆ ಒಣಗಲು ಬಿಡದೆ, ಕಿತ್ತ ಕೂಡಲೆ ನೆಡತಕ್ಕದ್ದು. ಗಡ್ಡೆಯ ಮೇಲ್ಗಡೆ ದಂಟಿನಿಂದಲೂ ಬೇರುಗಳು ಹೊರಡುವುದರಿಂದ ಐದಾರು ಅಂಗುಲ ಆಳದಲ್ಲಿಡಬೇಕು. ಎಲೆಗೊಬ್ಬರವೂ ಮರಳೂ ಬೆರೆತ, ನೀರು ನಿಲ್ಲದ ಇಳಿಜಾರು ಉತ್ತಮ. ಹಸಿ ಸಗಣಿಗೊಬ್ಬರವನ್ನು ಹಾಕಕೂಡದು. ಇದರ ದಂಟು ನೇರವಾಗಿ ಮೇಲೇಳದೆ, ನೆಲದೊಳಗೆ ಕೊಂಚ ದೂರ ಅಡ್ಡಲಾಗಿ ಹರಿದು ಬೇರೊಂದು ಕಡೆ ತಲೆಯೆತ್ತುವ ಸ್ವಭಾವದ್ದು. ಇದನ್ನರಿಯದ ತೋಟದಾಳು ಖಾಲಿ ಜಾಗವೆಂದು ಗುದ್ದಲಿ ಹಾಕಿದರೆ ಗಿಡ ಹಾಳಾದಂತೆಯೇ. ಸುತ್ತಲೂ ಎರಡಡಿ ಜಾಗಕ್ಕೆ ಕಲ್ಲಿನ ಗುರುತಿಟ್ಟು, ಕಳೆಯನ್ನು ಕೈಯಿಂದಲೇ ಕೀಳಿಸತಕ್ಕದ್ದು.

ಗಡ್ಡೆಯನ್ನು ಎಲ್ಲಿಂದ ತರಬೇಕೆಂಬುದೇ ಮುಖ್ಯ ಪ್ರಶ್ನೆ. ಬೆಟ್ಟದ ಹುಲ್ಲುಗಾವಲಿನ ಬಹುಭಾಗವನ್ನು ಟೀ ತೋಟಗಳೂ, ಪರದೇಶದಿಂದ ತಂದ ವಾಟ್ಲ್ ಮರಗಳೂ, ಆಸ್ಟ್ರೇಲಿಯದಿಂದ ಬಂದು ಬೆಟ್ಟದ ಹೆಸರನ್ನೇ ತನ್ನದಾಗಿಸಿಕೊಂಡ ನೀಲಗಿರಿ ಮರವೂ ಆಕ್ರಮಿಸಿವೆ. ಉಳಿದಲ್ಲಿಯೂ ಗಡ್ಡೆಗಳನ್ನು ಅಗೆದು ಮಾರಿದರೆ ಈ ಲಿಲಿಯು ಅಲ್ಲಿಂದ ಮರೆಯಾಗುವುದು. ಗ್ರಾಮದ ಮುಖಂಡರು ಇಂಥ ಅಗೆತವನ್ನು ತಡೆಯಬೇಕಾಗಿ ಕೋರುತ್ತೇವೆ. ತೋಟದಲ್ಲಿ ಬೆಳೆದ ಒಂದೇ ಗಡ್ಡೆಯಿಂದ ಹತ್ತಾರು ಗಿಡಗಳನ್ನು ಮಾಡಿಕೊಳ್ಳಬಹುದಾಗಿರುವಾಗ ಬೆಟ್ಟವನ್ನು ಬರಿದುಮಾಡುವ ಅಗತ್ಯವೇ ಇಲ್ಲ. ಗಡ್ಡೆಯ ಹೊರಗಿನ ನಾಲ್ಕಾರು ಎಸಳುಗಳನ್ನು ಬುಡಸಹಿತ ಬಿಡಿಸಿಕೊಂಡು, ತೇವವಿರುವ ಮರಳಿನಲ್ಲಿ ಅರ್ಧ ಹೂತು ನೆರಳಿನಲ್ಲಿಟ್ಟರೆ, ಸುಮಾರು ಎರಡು ತಿಂಗಳಲ್ಲಿ ಎಸಳಿನ ಬುಡದಲ್ಲಿ ಕಾಳಿನಂಥ ಮರಿಗಡ್ಡೆಗಳು ಮೂಡುವುವು. ಇವು ಹೂಬಿಡಲು ಎರಡು ಮೂರು ವರ್ಷಗಳು ಹಿಡಿಯುವುದರಿಂದ ತಾಳ್ಮೆಯಿರಬೇಕು.

ಬೀಜದಿಂದ ಮಾಡಿದ ಸಸಿಗಳು ಇನ್ನೂ ನಿಧಾನ. ಆದರೆ ತಾಯಿಗಿಡದ ನಂಜುರೋಗವು ಬೀಜದ ಮೂಲಕ ಸಾಮಾನ್ಯವಾಗಿ ಹರಡದು. ಎಸಳಿನ ಮೂಲಕವಾದರೋ ಹರಡಿಯೇ ತೀರುವುದು. ಎಲೆಗಳಲ್ಲಿ ಹಳದಿ ಪಟ್ಟೆಗಳೂ ಸುಕ್ಕೂ ಕಂಡ ಗಿಡದಿಂದ ಎಸಳನ್ನು ತೆಗೆಯದೆ, ಹೇನುಗಳು ಆ ರೋಗವನ್ನು ನೆರೆಯ ಗಿಡಗಳಿಗೆ ಒಯ್ಯುವ ಮೊದಲೇ ಗಡ್ಡೆಸಹಿತ ಕಿತ್ತು ಸುಟ್ಟುಬಿಡತಕ್ಕದ್ದು.